ಕಲ್ಲಿನಲ್ಲಿ ಇಲ್ಲದವಳು

ದೇವನಹಳ್ಳಿಗೆ ಬಂದ ನೆಂಟರಿಷ್ಟರಿಗೆ ಕೋಟೆ ತೋರಿಸಿದ ಮೇಲೆ ಟಿಪ್ಪು ಹುಟ್ಟಿದ ಜಾಗವನ್ನೂ ತೋರಿಸದೆ ಬಿಡುವಂತಿಲ್ಲ. ನಾಲ್ಕು ಕಂಬದ ಪುಟ್ಟ ಕಟ್ಟಡ, ಒಂದು ಬರಹದ ಕಲ್ಲು. "ಇಷ್ಟೇನಾ?" ಎನ್ನುತ್ತಾರೆ ಬಂದವರು. ಚಿಕ್ಕದಾಗಿರುವುದೇ ನನಗೆ ಇಷ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಅವನ ಹೆಣ ಸಿಕ್ಕ ಜಾಗದಲ್ಲೂ ಹೀಗೆಯೇ ಒಂದು ಸಣ್ಣ ಗುರುತಿದೆ.

ಅದೇ ಊರಿನಲ್ಲಿ ಎತ್ತರವಾಗಿ ಕಾಣುವುದು ಬೇರೆಯದು, ಯುದ್ಧಸ್ಮಾರಕದ ಮೊನಚು ಕಂಬ. 1907ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಅದನ್ನು ನಿಲ್ಲಿಸಿದ್ದು ಇಂಗ್ಲಿಷರಲ್ಲ, ಮೈಸೂರು ಸರ್ಕಾರ. ಆದರೆ ಗೌರವ ಸಂದಿರುವುದು ಕೋಟೆ ಹಿಡಿಯಲು ಬಂದು ಸತ್ತ ಬ್ರಿಟಿಷ್ ಸೈನ್ಯದ ಅಧಿಕಾರಿಗಳಿಗೆ. ಕೋಟೆ ಕಾಯುತ್ತ ಸತ್ತ ನಮ್ಮ ಆಳುಗಳ ಹೆಸರು ಅಲ್ಲಿಲ್ಲ. ಕಂಬವೇನೋ ಅಚ್ಚುಕಟ್ಟಾಗಿದೆ. ಆದರೆ ಅದರ ಬುಡದಲ್ಲಿ ನಿಂತರೆ ಯಾರೋ ಸತ್ತರು ಎನ್ನಿಸುವುದಿಲ್ಲ, ಯಾರೋ ಗೆದ್ದರು ಎನ್ನಿಸುತ್ತದೆ. ಸ್ಮಾರಕಕ್ಕೆ ಇದಕ್ಕಿಂತ ದೊಡ್ಡ ಕುಂದು ಬೇಕೆ? ಬೆಂಗಳೂರಿನ ಕಾರ್ಪೊರೇಷನ್ ಹತ್ತಿರವೂ ಇಂಥದೊಂದು ಕಂಬವಿತ್ತು, 1964ರಲ್ಲಿ ಕೆಡವಿದರು. ಕೆಡವಿದ್ದರಿಂದ ನಮ್ಮ ಆಳುಗಳ ಹೆಸರೇನೂ ಸಿಕ್ಕಲಿಲ್ಲ ಬಿಡಿ.

ನಮ್ಮ ಹಿಂದಿನವರಿಗೆ ಈ ಕೆಲಸ ಗೊತ್ತಿತ್ತು. ಇಲ್ಲಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುವ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯ ದಂಡು ಊರಿನ ಮೇಲೆ ಬಿದ್ದಾಗ ಕಾದಾಡಿ ಸತ್ತವನು ಕಿತ್ತಯ್ಯ. ಯಾರ ಆಳ್ವಿಕೆ, ಯಾವ ನಾಡು, ಯಾರ ಮೇಲೆ ಕಾದಾಟ, ಎಲ್ಲವೂ ಕನ್ನಡದಲ್ಲಿ, ಕೆಲವೇ ಸಾಲುಗಳಲ್ಲಿ. ಶಾಸನಪ್ರಿಯರೂ ಊರಿನವರೂ ಸೇರಿ ಅದನ್ನು ಉಳಿಸಿಕೊಂಡು ಮಂಟಪ ಕಟ್ಟಿದರು. ರಾಜನಲ್ಲದವನಿಗೂ ಒಂದು ಕಲ್ಲು, ಒಂದು ಹೆಸರು! ಶ್ರೀರಂಗಪಟ್ಟಣದ ಆ ಎತ್ತರವೆಲ್ಲ ಇದರ ಮುಂದೆ ನನಗೆ ಸಪ್ಪೆ.

ಹಾಗೆಂದು ವೀರಗಲ್ಲುಗಳ ಮೇಲೆ ನನಗೆ ತಕರಾರಿಲ್ಲವೆಂದಲ್ಲ. ಮೂರು ಹಂತದ ಕಲ್ಲುಗಳನ್ನು ನೀವೂ ನೋಡಿರುತ್ತೀರಿ. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೊರಟ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. ಹೆಂಗಸರು ಇದ್ದಾರೆ, ಆದರೆ ಸ್ವರ್ಗದವರು. ಮನೆಯಲ್ಲಿ ಉಳಿದವಳು ಎಲ್ಲಿ? ಅವಳನ್ನು ಹುಡುಕಿದರೆ ಸಿಗುವುದು ಮಾಸ್ತಿಕಲ್ಲು. ಮೇಲಕ್ಕೆತ್ತಿದ ತುಂಬುಗೈ, ಒಂದೊಂದಾಗಿ ಬಿಡಿಸಿದ ಬಳೆಗಳು, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು. ಕಲ್ಲುಕುಟಿಗನ ಕೈಚಳಕಕ್ಕೆ ಮನಸ್ಸು ಸೋಲುತ್ತದೆ. ಹಿಂದೆಯೇ ನೆನಪಾಗುತ್ತದೆ: ಗಂಡನೊಡನೆ ಉರಿದುಹೋದದ್ದಕ್ಕೆ ತಾನೆ ಅವಳಿಗೆ ಈ ಕಲ್ಲು?

ಉರಿಯದೆ ಉಳಿದವಳು ಶಾಸನಗಳಲ್ಲಿ ಬೇರೊಂದು ಮಾತಿನ ಹಿಂದೆ ಇದ್ದಾಳೆ. ನೆತ್ತರುಗೊಡಗೆ ಎನ್ನುತ್ತಿದ್ದರು. ಕಾದಾಡಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು. ನನ್ನನ್ನು ಕೇಳಿದರೆ ಕಲ್ಲಿಗಿಂತ ಆ ಹೊಲವೇ ಒಳ್ಳೆಯ ಸ್ಮಾರಕ. ಅಲ್ಲಿ ರಾಗಿ ಬಿತ್ತಿ, ಕಳೆ ಕಿತ್ತು, ಮಕ್ಕಳನ್ನು ದೊಡ್ಡವರು ಮಾಡಿದವಳ ಕೈಯಲ್ಲಿ ಬಳೆ ಇದ್ದಿರಲಿಕ್ಕಿಲ್ಲ. ಆ ಕೈಯನ್ನು ಯಾರಾದರೂ ಕಲ್ಲಿನಲ್ಲಿ ಬಿಡಿಸಿದ್ದನ್ನು ನಾನಂತೂ ಕಂಡಿಲ್ಲ.