ದಾರಿ ಗೊತ್ತುಮಾಡಿದ ಪಂಗಡ

ಮೊಳಕಾಲ್ಮುರು ತಾಲ್ಲೂಕಿನಲ್ಲಿ ರೈಸ್ ಎಂದರೆ ಬಿ.ಎಲ್. ರೈಸ್, 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳನ್ನು ಬೆಳಕಿಗೆ ತಂದವರು. ಅವರ ತಂದೆ ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದರು. ಅವೆನ್ಯೂ ರಸ್ತೆಯ ಅಂಗಡಿಗಳ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯ ಆ ತಂದೆಯ ಹೆಸರಿನದು. ಲಂಡನ್ ಮಿಷನ್ನಿನ ಸಭೆಗಳಿಗೆ ಬಿಷಪರೇ ಇರಲಿಲ್ಲ. ಅದೇ ಊರಿನ ದಂಡಿನಲ್ಲಿ, ಕಂಪನಿಯ ಸೈನಿಕರಿಗಾಗಿ 1812ರಲ್ಲಿ ಕಟ್ಟಿ ಮುಗಿಸಿದ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮೆಥೊಡಿಸ್ಟರದು. ಇಂದು ಈ ಮೂರೂ ಸಿ.ಎಸ್.ಐ.ಗೆ, ಅಂದರೆ ದಕ್ಷಿಣ ಭಾರತ ಸಭೆಗೆ, ಸೇರಿವೆ. ಇದನ್ನು ಆಗುಮಾಡಿದ 1947ರ ಸಭೆಗಳ ಒಕ್ಕೂಟವನ್ನು ಕನ್ನಡದಲ್ಲಿ ನಾವು ಇನ್ನೂ ಸರಿಯಾಗಿ ತೂಗಿ ನೋಡಿಲ್ಲ.

ಚಳ್ಳಕೆರೆಯಿಂದ ಉತ್ತರಕ್ಕೆ ತಳಕು, ರಾಂಪುರ ದಾಟಿದರೆ ಬಳ್ಳಾರಿ. ಅಲ್ಲಿ 1810ರಿಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದರು. ಇತ್ತ ಚಿತ್ರದುರ್ಗಕ್ಕೆ ಬಂದರೆ ವೆಸ್ಲಿಯನ್ನರು. ಹೀಗೆ ಒಬ್ಬ ಬಯಲುಸೀಮೆಯ ರೈತ ಯಾವ ಪಂಗಡದ ಕ್ರೈಸ್ತನಾಗುತ್ತಾನೆ ಎಂಬುದನ್ನು ಅವನ ನಂಬಿಕೆ ಗೊತ್ತುಮಾಡಲಿಲ್ಲ, ಅವನ ಊರಿಗೆ ಬಂದ ದಾರಿ ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಜಗಳಗಳನ್ನು ಇಲ್ಲಿಯವರು ಸುಮ್ಮನೆ ಹೊತ್ತುಕೊಂಡಿದ್ದರು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ ವಿ.ಎಸ್. ಅಜರಯ್ಯ ಮತ್ತು ಸಂಗಡಿಗರು ಈ ಹೊರೆ ಇಳಿಸಬೇಕೆಂದು ಹೊರಟರು. ಮಾತುಕತೆಗೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಒಕ್ಕೂಟ ಕಾಣುವ ಮೊದಲೇ, 1945ರಲ್ಲಿ, ಅಜರಯ್ಯ ತೀರಿಕೊಂಡರು.

ಕಗ್ಗಂಟಾಗಿದ್ದದ್ದು ಬಿಷಪರ ಪ್ರಶ್ನೆ. ಬಿಷಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡದವರು ಕರ್ತನ ಭೋಜನ ನಡೆಸುವಂತಿಲ್ಲ ಎಂಬುದು ಆಂಗ್ಲಿಕನ್ನರಲ್ಲಿ ಹಲವರ ಪಟ್ಟು. ಒಕ್ಕೂಟದ ಯೋಜನೆ ಬಿಷಪರನ್ನು ಒಪ್ಪಿಕೊಂಡಿತು, ಆದರೆ ಆಗಲೇ ಸೇವೆಯಲ್ಲಿದ್ದ ಸಭಾಪಾಲಕರಿಗೆ ಮತ್ತೆ ದೀಕ್ಷೆ ಬೇಡವೆಂದಿತು. ಒಲ್ಲದ ಸಭೆಯ ಮೇಲೆ ಒಲ್ಲದ ಸಭಾಪಾಲಕನನ್ನು ಹೇರುವುದಿಲ್ಲ ಎಂದು ಮಾತು ಕೊಟ್ಟಿತು. ಮೂವತ್ತು ವರ್ಷ ಹೀಗೇ ನಡೆಯಲಿ, ಆಮೇಲೆ ಮುಂದಿನದನ್ನು ತೀರ್ಮಾನಿಸೋಣ ಎಂದಿತು. ಇದು ಸತ್ಯವನ್ನು ಬಲಿಕೊಟ್ಟು ಮಾಡುವ ಐಕ್ಯ ಎಂದು ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಎಲಿಯಟ್ ಇಲ್ಲಿ ಎಡವಿದ್ದಾರೆಂದೇ ನನ್ನ ತೀರ್ಮಾನ. ನಿನ್ನೆಯವರೆಗೆ ಬಳ್ಳಾರಿಯಲ್ಲಿ ದೀಕ್ಷಾಸ್ನಾನ ಕೊಟ್ಟು, ಹೆಣ ಮಣ್ಣುಮಾಡಿ, ಬರಗಾಲದಲ್ಲಿ ಜನರ ಜೊತೆಗಿದ್ದ ಪಾದ್ರಿಗೆ ‘ನಿನ್ನ ಸೇವೆ ಸಲ್ಲದು’ ಎನ್ನುವುದರಲ್ಲಿ ಯಾವ ಸತ್ಯ ಉಳಿಯುತ್ತಿತ್ತು?

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕಥೀಡ್ರಲಿನಲ್ಲಿ ಒಕ್ಕೂಟವಾಯಿತು. ಮೈಸೂರು ಸಭಾಪ್ರಾಂತ್ಯಕ್ಕೆ ಮೆಥೊಡಿಸ್ಟ್ ಹಿನ್ನೆಲೆಯ ಪಿ. ಗುರುಶಾಂತ ಮೊದಲ ಬಿಷಪರಾದರು. ಎಲ್ಲರೂ ಬರಲಿಲ್ಲ. ನಂದ್ಯಾಲದ ಆಂಗ್ಲಿಕನ್ನರು ಹೊರಗೇ ಉಳಿದು 1975ರಲ್ಲಷ್ಟೇ ಸೇರಿದರು. ಅವರಿಗಾಗಿ ಕಾದದ್ದು ಒಕ್ಕೂಟದ ಸೋಲಲ್ಲ. ಒತ್ತಾಯ ಮಾಡದೆ ಇದ್ದದ್ದೇ ಅದರ ಮಾತಿಗೆ ತಕ್ಕ ನಡತೆ.

ಒಕ್ಕೂಟದ ನಿಜವಾದ ಸಾಧನೆ ನನಗೆ ಕಾಣುವುದು 1950ರ ಕರ್ತನ ಭೋಜನದ ಕ್ರಮದಲ್ಲಿ. ಸಭಾಪಾಲಕರು ಜನಕ್ಕೆ ಬೆನ್ನು ಮಾಡದೆ ಮೇಜಿನ ಹಿಂದೆ ನಿಂತು ಜನರನ್ನೇ ನೋಡುತ್ತಾರೆ. ಸಮಾಧಾನದ ವಂದನೆ ಅವರ ಕೈಯಿಂದ ಹೊರಟು ಸಾಲುಸಾಲಾಗಿ ದಾಟುತ್ತದೆ: ಒಬ್ಬರ ಕೈಗಳನ್ನು ಇನ್ನೊಬ್ಬರ ಕೈಗಳು ಹಿಡಿಯುತ್ತವೆ. ಇದು ಕೇರಳದ ಸುರಿಯಾನಿ ಕ್ರೈಸ್ತರಿಂದ ಪಡೆದದ್ದು, ಲಂಡನ್ನಿನಿಂದಲ್ಲ. ಪಕ್ಕದಲ್ಲಿ ಕೂತವರು ಯಾರೇ ಇರಲಿ, ಕೈ ಮುಟ್ಟಲೇಬೇಕು. ಮಡಿ-ಮೈಲಿಗೆಯ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಕೊರತೆಯನ್ನೂ ಹೇಳಬೇಕು. ಗುರುಶಾಂತರ ನಂತರ 1951ರಿಂದ ಸುಮಾರು ಎರಡು ದಶಕ ಮೈಸೂರಿಗೆ ಬಿಷಪರಾಗಿದ್ದವರು ಇಂಗ್ಲೆಂಡಿನ ನಾರ್ಮನ್ ಸಾರ್ಜಂಟ್. ಅವರು ಕರ್ನಾಟಕದ ಸಭೆಯ ಚರಿತ್ರೆಯನ್ನು ಶ್ರದ್ಧೆಯಿಂದ ಬರೆದವರು, ನಿಜ. ಆದರೆ ಸ್ವಂತ ಕಾಲಿನ ಮೇಲೆ ನಿಲ್ಲಲು ಹೊರಟ ಸಭೆ ಮುಂದಾಳುತನಕ್ಕೆ ಮತ್ತೆ ಹೊರಗಿನವರನ್ನು ನೆಚ್ಚಿಕೊಂಡಿತು. 1970ರಲ್ಲಿ ಸಭಾಪ್ರಾಂತ್ಯ ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಯಿತು; ಆಡಳಿತ ಹತ್ತಿರವಾಯಿತು, ಐಕ್ಯದ ಮಾತು ಮಾತ್ರ ಅಲ್ಲಿಗೇ ನಿಂತಿತು. ಬೀದರ್, ಕೋಲಾರದ ಕಡೆ ಅಮೆರಿಕದ ಮಿಷನ್ನಿನಿಂದ ಬೆಳೆದ ಮೆಥೊಡಿಸ್ಟರು ಅಂದು ಒಕ್ಕೂಟಕ್ಕೆ ಬರಲಿಲ್ಲ, 1981ರಲ್ಲಿ ಸ್ವತಂತ್ರ ಸಭೆಯಾದ ಮೇಲೂ ಬೇರೆಯೇ ಉಳಿದರು. ಅವರ ಜೊತೆ ಕೂತು ಮಾತಾಡಲು ಇಪ್ಪತ್ತೆಂಟು ವರ್ಷ ಕೊಡುವ ಅಜರಯ್ಯನವರಂಥ ಒಬ್ಬರು ಈಗ ಕರ್ನಾಟಕದ ಸಭೆಗಳೊಳಗಿನಿಂದಲೇ ಏಳಬೇಕಾಗಿದೆ.