ಗಾಳಿಯ ಮೇಲೆ ಗೂಬೆ

ಚಂಡಮಾರುತ ದಾಟಿಹೋದ ವಾರದ ಪತ್ರಿಕೆಗಳಲ್ಲಿ ಎರಡು ಸಂಗತಿ ಖಾಯಂ. ಒಂದು, ಮಡಚಿಕೊಂಡು ನೆಲಕ್ಕೊರಗಿದ ಮೊಬೈಲ್ ಟವರಿನ ಫೋಟೊ. ಇನ್ನೊಂದು, ಕಂಪನಿಯ ಹೇಳಿಕೆ: ಸಿಬ್ಬಂದಿ ಹಗಲಿರುಳು ದುಡಿದು ಶೇಕಡಾ ಇಷ್ಟು ಟವರುಗಳಿಗೆ ಮರುಜೀವ ಕೊಟ್ಟಿದ್ದಾರೆ. ಎರಡನ್ನೂ ಓದಿದವರ ತಲೆಯಲ್ಲಿ ಒಂದು ತೀರ್ಮಾನ ತಾನಾಗಿ ಕೂತುಬಿಡುತ್ತದೆ. ಪ್ರಕೃತಿ ಕೆಡವಿತು, ಕಂಪನಿ ಎತ್ತಿ ನಿಲ್ಲಿಸಿತು. ಗಾಳಿಯ ಮುಂದೆ ಮನುಷ್ಯನದೇನು ನಡೆಯುತ್ತದೆ, ಬೇಗ ಸರಿಮಾಡಿದರಲ್ಲ, ಅದೇ ದೊಡ್ಡದು.

ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಿರುಗಾಳಿಯಲ್ಲಿ ಮೂಕವಾಗುವ ಟವರುಗಳಲ್ಲಿ ಬಹುಪಾಲು ನೆಟ್ಟಗೆ ನಿಂತೇ ಇರುತ್ತವೆ. ಅವು ಸಾಯುವುದು ಬ್ಯಾಟರಿ ಬರಿದಾಗಿ, ಡೀಸೆಲ್ ಮುಗಿದು. ಆ ಬ್ಯಾಟರಿ ಎಷ್ಟು ಗಂಟೆ ಬಾಳಬೇಕು ಎಂಬ ತೀರ್ಮಾನ ಆಗಿರುವುದು ಬಿರುಗಾಳಿಯ ರಾತ್ರಿಯಲ್ಲಲ್ಲ, ಅದಕ್ಕೂ ವರ್ಷಗಳ ಹಿಂದೆ, ಒಳ್ಳೆಯ ಬಿಸಿಲಿದ್ದ ದಿನ, ಖರೀದಿ ವಿಭಾಗದ ಮೇಜಿನ ಮೇಲೆ.

ಟವರಿನ ತುದಿ ಬಿಟ್ಟು ಬುಡ ನೋಡಿ. ತಂತಿಬೇಲಿಯೊಳಗೆ ಕಪಾಟಿನಂಥ ಒಂದು ಪೆಟ್ಟಿಗೆ. ಅದರಲ್ಲಿ ಕರೆಂಟನ್ನು 48 ವೋಲ್ಟ್ ಡಿಸಿಗೆ ಇಳಿಸುವ ರೆಕ್ಟಿಫೈಯರ್, ಕೆಳಗಿನ ಅಂತಸ್ತಿನಲ್ಲಿ ಸಾಲಾಗಿ ಬ್ಯಾಟರಿಗಳು. ಪಕ್ಕದಲ್ಲಿ, ಇದ್ದರೆ, ಒಂದು ಡೀಸೆಲ್ ಜನರೇಟರ್. ಕರೆಂಟು ಹೋದೊಡನೆ ಭಾರ ಬ್ಯಾಟರಿಯ ಮೇಲೆ ಬೀಳುತ್ತದೆ. ಬ್ಯಾಟರಿ ಇಳಿದಾಗ ಜನರೇಟರ್ ಚಾಲೂ ಆಗಬೇಕು. ಡೀಸೆಲ್ ಟ್ಯಾಂಕಿನ ತಳ ಕಂಡಾಗ ಎಲ್ಲವೂ ಬಂದ್. ಕಾಗದದಲ್ಲಿ ನಾಲ್ಕು ಗಂಟೆ ಎಂದು ಬರೆದಿರುವ ಬ್ಯಾಟರಿ ಮಳೆಗಾಲದಲ್ಲಿ ಒಂದೇ ಗಂಟೆಗೆ ಕೈಚೆಲ್ಲುವುದಕ್ಕೂ ಕಾರಣವಿದೆ. ಹಿಂದಿನ ವಾರವೆಲ್ಲ ಕರೆಂಟು ಕಣ್ಣಾಮುಚ್ಚಾಲೆ ಆಡಿರುತ್ತದೆ. ಪೂರ್ತಿ ಚಾರ್ಜ್ ಆಗುವ ಮೊದಲೇ ಮತ್ತೆ ಖಾಲಿ. ಸೀಸದ ಬ್ಯಾಟರಿಯಾದರೆ ಬೇಸಿಗೆಯ ಸೆಕೆಗೆ ಬೆಂದು ವರ್ಷದಿಂದ ವರ್ಷಕ್ಕೆ ಶಕ್ತಿ ಕಳೆದುಕೊಂಡಿರುತ್ತದೆ. ಗುಡ್ಡದ ಮೇಲಿನ ಒಂದು ಟವರು ಮೈಕ್ರೋವೇವ್ ತಟ್ಟೆಗಳ ಮೂಲಕ ಕಣಿವೆಯ ಏಳೆಂಟು ಟವರುಗಳಿಗೆ ದಾರಿಯಾಗಿದ್ದರಂತೂ ಕೇಳುವುದೇ ಬೇಡ. ಅದೊಂದು ಆರಿದರೆ ಉಳಿದವು ಕರೆಂಟಿದ್ದೂ ಇಲ್ಲದಂತೆ. ಇಲ್ಲಿಯವರೆಗಿನ ಕತೆಯಲ್ಲಿ ಗಾಳಿ ಮಾಡಿದ್ದು ಒಂದೇ ಕೆಲಸ: ಎಲ್ಲೋ ಒಂದು ಮರವನ್ನು ವಿದ್ಯುತ್ ತಂತಿಯ ಮೇಲೆ ಬೀಳಿಸಿದ್ದು.

ಇದು ಬರೀ ನನ್ನ ಊಹೆಯಲ್ಲ. 2019-20ರ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ಕಾಡ್ಗಿಚ್ಚಿನಲ್ಲಿ ದೂರಸಂಪರ್ಕ ಕಡಿದುಹೋದ ಪ್ರಕರಣಗಳನ್ನು ಅಲ್ಲಿನ ನಿಯಂತ್ರಣ ಪ್ರಾಧಿಕಾರ ಒಂದೊಂದಾಗಿ ತೆಗೆದು ನೋಡಿತು. ಶೇ. 88ರಷ್ಟಕ್ಕೆ ಕಾರಣ ವಿದ್ಯುತ್ ಕಡಿತ. ಬೆಂಕಿಯೇ ನೇರವಾಗಿ ಸುಟ್ಟದ್ದು ಶೇ. 1 ಮಾತ್ರ. ಅಲ್ಲಿ ಬೆಂಕಿ, ಇಲ್ಲಿ ಗಾಳಿ. ವಿಪತ್ತಿನ ಹೆಸರು ಬೇರೆ, ಟವರಿನ ಪೆಟ್ಟಿಗೆಯೊಳಗೆ ನಡೆಯುವುದು ಒಂದೇ.

ಹಾಗಾದರೆ ಹೆಚ್ಚು ಬ್ಯಾಟರಿ ಇಡಿ ಎಂದು ಯಾರೂ ಹೇಳಲಿಲ್ಲವೇ? ಹೇಳಿದ್ದರು. ಏನಾಯಿತು ಎಂಬುದು ತಿಳಿಯಬೇಕಾದ ಚರಿತ್ರೆ. 2005ರ ಆಗಸ್ಟ್ 29ರಂದು ಅಮೆರಿಕದ ದಕ್ಷಿಣ ಕರಾವಳಿಗೆ ಕತ್ರೀನಾ ಚಂಡಮಾರುತ ಅಪ್ಪಳಿಸಿತು. 30 ಲಕ್ಷಕ್ಕೂ ಹೆಚ್ಚು ದೂರವಾಣಿ ಲೈನುಗಳು ಸತ್ತವು, ಸಾವಿರಕ್ಕೂ ಹೆಚ್ಚು ಮೊಬೈಲ್ ಕೇಂದ್ರಗಳು ಆರಿದವು. ಅಲ್ಲಿನ ದೂರಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ ಒಂದು ಸ್ವತಂತ್ರ ಸಮಿತಿ ರಚಿಸಿತು. ಸಮಿತಿ ಎತ್ತಿ ತೋರಿಸಿದ ಮುಖ್ಯ ಕಾರಣಗಳು ನೆರೆ, ವಿದ್ಯುತ್ ಮತ್ತು ಇಂಧನದ ಅಭಾವ, ಪರ್ಯಾಯ ಮಾರ್ಗಗಳೂ ಒಟ್ಟಿಗೇ ಕೈಕೊಟ್ಟದ್ದು. ಅದನ್ನು ಆಧರಿಸಿ 2007ರಲ್ಲಿ ಆಯೋಗ ಆದೇಶ ಹೊರಡಿಸಿತು: ದೂರವಾಣಿ ವಿನಿಮಯ ಕೇಂದ್ರಗಳಲ್ಲಿ 24 ಗಂಟೆ, ಮೊಬೈಲ್ ಟವರುಗಳಲ್ಲಿ 8 ಗಂಟೆ ತುರ್ತು ವಿದ್ಯುತ್ ಇರಲೇಬೇಕು. ಎಂಟೇ ಗಂಟೆ. ಒಂದು ರಾತ್ರಿಗೂ ಸಾಲದು.

ಅಷ್ಟಕ್ಕೂ ಕಂಪನಿಗಳು ಒಪ್ಪಲಿಲ್ಲ, ನ್ಯಾಯಾಲಯಕ್ಕೆ ಹೋದವು. ಬ್ಯಾಟರಿಯ ಭಾರವನ್ನು ಕಟ್ಟಡದ ಮಾಳಿಗೆ ತಡೆಯುವುದಿಲ್ಲ, ಜಾಗದ ಬಾಡಿಗೆ ಕರಾರು ಬಿಡುವುದಿಲ್ಲ, ಖರ್ಚು ವಿಪರೀತ ಎಂದವು. 2008ರ ನವೆಂಬರಿನಲ್ಲಿ ಶ್ವೇತಭವನದ ಬಜೆಟ್ ಕಚೇರಿ ಆ ಆದೇಶದ ಮಾಹಿತಿ ಸಂಗ್ರಹಣೆಯ ಭಾಗಕ್ಕೆ ಒಪ್ಪಿಗೆ ನಿರಾಕರಿಸಿತು. ಆಯೋಗ ಪಟ್ಟು ಹಿಡಿಯಲಿಲ್ಲ, ನಿಯಮ ಒಂದು ದಿನವೂ ಜಾರಿಗೆ ಬರದೆ ಸತ್ತಿತು. ನಾಲ್ಕು ವರ್ಷಕ್ಕೆ, 2012ರ ಅಕ್ಟೋಬರಿನಲ್ಲಿ, ಸ್ಯಾಂಡಿ ಚಂಡಮಾರುತ ಬಂತು. ಅದರ ಹಾದಿಯ ಹತ್ತು ರಾಜ್ಯಗಳಲ್ಲಿ ಸುಮಾರು ಕಾಲುಭಾಗ ಟವರುಗಳು ಕೆಲಸ ನಿಲ್ಲಿಸಿದವು.

ಈ ಸಲ ಆಯೋಗ ಬೇರೆ ದಾರಿ ಹಿಡಿಯಿತು. ಬ್ಯಾಟರಿ ಎಷ್ಟು ಬೇಕಾದರೂ ಇಟ್ಟುಕೊಳ್ಳಿ; ಆದರೆ ವಿಪತ್ತಿನ ದಿನಗಳಲ್ಲಿ ಯಾವ ಕಂಪನಿಯ ಟವರುಗಳು ಶೇಕಡಾ ಎಷ್ಟು ನಡೆಯುತ್ತಿವೆ ಎಂದು ದಿನದಿನ ಪ್ರಕಟಿಸಬೇಕು. ಗ್ರಾಹಕನೇ ತೂಗಿ ನೋಡಲಿ. 2013ರ ಪ್ರಸ್ತಾವವಿದು. ನನ್ನ ಪ್ರಕಾರ ಈ ವಿಷಯದಲ್ಲಿ ಯಾವುದೇ ಸರ್ಕಾರ ಮಾಡಿದ ಅತಿ ಜಾಣ ಪ್ರಸ್ತಾವ, ಕಂಪನಿಗಳನ್ನು ಅತಿ ಹೆಚ್ಚು ಹೆದರಿಸಿದ್ದೂ ಇದೇ. ಬ್ಯಾಟರಿಗಾದರೆ ಹಣ ಹೋಗುತ್ತದೆ, ಇದರಿಂದ ಮಾನವೇ ಹೋಗುತ್ತದೆ. 2016ರಲ್ಲಿ ದೊಡ್ಡ ಕಂಪನಿಗಳು ಒಟ್ಟುಗೂಡಿ ಸ್ವಯಂಪ್ರೇರಿತ ಒಪ್ಪಂದವೊಂದನ್ನು ಮುಂದಿಟ್ಟವು: ವಿಪತ್ತಿನಲ್ಲಿ ಒಬ್ಬರ ಗ್ರಾಹಕರಿಗೆ ಇನ್ನೊಬ್ಬರು ರೋಮಿಂಗ್ ಕೊಡುತ್ತೇವೆ, ಒಬ್ಬರಿಗೊಬ್ಬರು ನೆರವಾಗುತ್ತೇವೆ. ಆಯೋಗ ಅದನ್ನು ಸ್ವಾಗತಿಸಿ ತನ್ನ ಪ್ರಸ್ತಾವವನ್ನು ಮಡಿಚಿಟ್ಟಿತು. ಇವತ್ತಿಗೂ ಅಲ್ಲಿ ಹೊರಬರುವುದು ಜಿಲ್ಲಾವಾರು ಒಟ್ಟು ಲೆಕ್ಕ. ಕಂಪನಿವಾರು ಲೆಕ್ಕ ಗೋಪ್ಯ.

ಸ್ವಯಂಪ್ರೇರಣೆಯ ಬಣ್ಣ ಬಯಲಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 2018ರ ಅಕ್ಟೋಬರ್ 10ರಂದು ಮೈಕೇಲ್ ಎಂಬ ಚಂಡಮಾರುತ ಫ್ಲಾರಿಡಾದ ಪನಾಮಾ ಸಿಟಿ ಸುತ್ತಮುತ್ತ ಬಿದ್ದಿತು. ಅಲ್ಲಿ ನಡೆದದ್ದರಲ್ಲಿ ಬಿರುಗಾಳಿಯ ಪಾಲಿಗಿಂತ ಬಿರುಗಾಳಿ ಹೋದ ಮೇಲಿನ ಪಾಲು ಸ್ವಾರಸ್ಯದ್ದು. ಟವರುಗಳಿಗೆ ಹೋಗುವ ಫೈಬರ್ ಕೇಬಲ್‌ಗಳನ್ನು ದೂರಸಂಪರ್ಕದ ಆಳುಗಳು ಜೋಡಿಸಿ ಹೋಗುತ್ತಿದ್ದರು. ವಿದ್ಯುತ್ ಕಂಬ ನೆಡಲು ಬಂದವರೋ, ಬಿದ್ದ ಮರಗಳ ರಾಶಿ ಎತ್ತಲು ಬಂದವರೋ ಅದನ್ನು ಮತ್ತೆ ಕತ್ತರಿಸುತ್ತಿದ್ದರು. ಜೋಡಿಸು, ಕತ್ತರಿಸು, ಮತ್ತೆ ಜೋಡಿಸು. ಯಾರು ಯಾವ ರಸ್ತೆಯಲ್ಲಿ ಯಾವಾಗ ಕೆಲಸ ಮಾಡುತ್ತಾರೆಂದು ಮೂರು ಇಲಾಖೆಯವರು ಒಂದು ಮೇಜಿನ ಸುತ್ತ ಕೂತು ಮಾತಾಡಿರಲಿಲ್ಲ. 2019ರ ಮೇ ತಿಂಗಳಲ್ಲಿ ಹೊರಬಂದ ಎಫ್‌ಸಿಸಿ ವರದಿ ಮೂರು ಲೋಪಗಳನ್ನು ಗುರುತಿಸಿತು: ಗಟ್ಟಿಯಿಲ್ಲದ ಕೇಬಲ್ ಜಾಲ, ಕಂಪನಿಗಳ ನಡುವೆ ಸಾಲದಾದ ರೋಮಿಂಗ್ ವ್ಯವಸ್ಥೆ, ವಿದ್ಯುತ್ ಸಿಬ್ಬಂದಿ ಮತ್ತು ಸ್ಥಳೀಯ ಆಡಳಿತದೊಂದಿಗೆ ಇಲ್ಲದ ಸಮನ್ವಯ. ಗಾಳಿಯ ಹೆಸರು ಈ ಮೂರರಲ್ಲಿ ಎಲ್ಲೂ ಇಲ್ಲ. ವಿಪತ್ತಿನ ರೋಮಿಂಗನ್ನು ಕಡ್ಡಾಯ ಮಾಡಲು ಮತ್ತೆ 2022ರವರೆಗೆ ಕಾಯಬೇಕಾಯಿತು.

ಗಾಳಿ ನಿಜವಾಗಿಯೂ ಎಲ್ಲವನ್ನೂ ಕೆಡವಿದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡಬಾರದು. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪವನ್ನು ಸೀಳಿಕೊಂಡು ಹೋಯಿತು. ಶೇ. 95ರಷ್ಟು ಟವರುಗಳು ಸ್ತಬ್ಧ. ವಿದ್ಯುತ್ ಕಂಬಕ್ಕೇ ಫೈಬರನ್ನೂ ಕಟ್ಟಿದ್ದರಿಂದ ಕಂಬ ಬಿದ್ದಲ್ಲಿ ಎರಡೂ ಹೋದವು. ಅಲ್ಲಿಂದ ಜಗತ್ತಿಗೆ ನೆನಪುಳಿದದ್ದು ಮಾತ್ರ ಬಲೂನು. ಗೂಗಲ್‌ನ ಮಾತೃಸಂಸ್ಥೆಯ ಲೂನ್ ಬಲೂನುಗಳು ವಾಯುಮಂಡಲದ ಎತ್ತರದಲ್ಲಿ ತೇಲಿ ಫೋನುಗಳಿಗೆ ಸಂಕೇತ ಇಳಿಸಿದವು. ಎಟಿ ಅಂಡ್ ಟಿ ಕಂಪನಿ ಹಾರುವ ಟವರನ್ನೇ ತಂದಿತು. ಫೋಟೊಗಳು ಸೊಗಸಾಗಿದ್ದವು. ಆದರೆ ಬಲೂನಿನ ಸೇವೆ ಶುರುವಾದದ್ದು ಚಂಡಮಾರುತ ಬಂದು ಒಂದು ತಿಂಗಳಾದ ಮೇಲೆ. ಅದಕ್ಕೂ ನೆಲದ ಮೇಲೆ ಎಲ್ಲೋ ಒಂದು ಜೀವಂತ ಜಾಲ ಬೇಕೇ ಬೇಕಿತ್ತು. ಮೊದಲ ದಿನಗಳಲ್ಲಿ, ಅಂದರೆ ಜನ ಸಾಯುತ್ತಿದ್ದ ದಿನಗಳಲ್ಲಿ, ದ್ವೀಪಕ್ಕೆ ದನಿಯಾಗಿ ಉಳಿದದ್ದು ವಾಪಾ ಎಂಬ ಹಳೆಯ ಎಎಂ ರೇಡಿಯೊ ಕೇಂದ್ರ. ಲೂನ್ ಯೋಜನೆಯನ್ನು 2021ರಲ್ಲಿ ಮುಚ್ಚಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ದೂರಸಂಪರ್ಕ ಕಂಪನಿಗಳಿಗೆ ಸರಿಸಾಟಿಯಿಲ್ಲ, ಬಾಗಿಲು ಮಾತ್ರ ವರ್ಷವರ್ಷವೂ ಹೊಸ ಮಾದರಿಯದು.

ನಮ್ಮ ದೇಶಕ್ಕೆ ಬರೋಣ. ಒಂದು ವಿಷಯದಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಅಮೆರಿಕದವರಿಗಿಂತ ಮುಂದಿತ್ತು ಎನ್ನಬೇಕು. 2019ರ ಮೇ 3ರಂದು ಫೋನಿ ಚಂಡಮಾರುತ ಪುರಿಯ ಬಳಿ ಅಪ್ಪಳಿಸುವ ಹೊತ್ತಿಗೆ ಒಡಿಶಾ ಸರ್ಕಾರ ಸುಮಾರು 12 ಲಕ್ಷ ಜನರನ್ನು ಸ್ಥಳಾಂತರಿಸಿತ್ತು, ಯಾವ ಕಂಪನಿಯ ಸಿಮ್ ಇದ್ದರೂ ಇನ್ನೊಂದು ಕಂಪನಿಯ ಜಾಲದಲ್ಲಿ ಮಾತಾಡುವ ರೋಮಿಂಗ್ ವ್ಯವಸ್ಥೆಯೂ ಜಾರಿಗೆ ಬಂತು. ಆಮೇಲಿನ ಚಂಡಮಾರುತಗಳಲ್ಲೂ ಇದು ರೂಢಿಯಾಗಿದೆ. ಮೆಚ್ಚಬೇಕಾದದ್ದೇ. ಆದರೆ ಇದರ ಮಿತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಎರಡು ಮೂರು ಕಂಪನಿಗಳ ಆಂಟೆನಾ ನೇತಾಡುವುದು ಒಂದೇ ಟವರಿಗೆ. ಅದಕ್ಕೆ ಒಂದೇ ಬ್ಯಾಟರಿ ಸಾಲು, ಒಂದೇ ಜನರೇಟರ್. ಡೀಸೆಲ್ ಮುಗಿದರೆ ಮೂವರೂ ಒಟ್ಟಿಗೇ ಹೋಗುತ್ತಾರೆ. ಮೂರು ಸತ್ತ ಜಾಲಗಳ ನಡುವೆ ರೋಮಿಂಗ್ ಮಾಡಿ ಪ್ರಯೋಜನವೇನು?

ಹೊಣೆ ಯಾರದು ಎಂದು ಹುಡುಕಹೊರಟರೆ ಇನ್ನೊಂದು ಗೋಜಲು. ಸಿಮ್ ಮಾರಿದ ಕಂಪನಿಗೆ ಟವರು ತನ್ನದಲ್ಲ. ಟವರಿನ ಕಂಪನಿಗೆ ಡೀಸೆಲ್ ತುಂಬುವವನು ತನ್ನ ನೌಕರನಲ್ಲ, ಗುತ್ತಿಗೆದಾರ. ಗುತ್ತಿಗೆದಾರನ ಪಿಕಪ್ ವಾಹನಕ್ಕೆ ದಾರಿಗೆ ಬಿದ್ದ ಮರ ಅಡ್ಡ. ಆ ಮರ ಅರಣ್ಯ ಇಲಾಖೆಯದೋ ಪಂಚಾಯಿತಿಯದೋ.

ಇಷ್ಟರ ಮೇಲೆ ನಮ್ಮ ನಿಯಮಗಳೂ ಗಾಳಿಯ ಪರ. 2024ರ ಆಗಸ್ಟಿನಲ್ಲಿ ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಸೇವಾ ಗುಣಮಟ್ಟದ ಹೊಸ ನಿಯಮ ತಂದಿತು. ಜಿಲ್ಲಾ ಮಟ್ಟದಲ್ಲಿ 24 ಗಂಟೆ ಮೀರಿ ಜಾಲ ಸ್ಥಗಿತವಾದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಿಲ್ಲಿನಲ್ಲಿ ರಿಯಾಯಿತಿ, ಪ್ರಿಪೇಯ್ಡ್‌ನವರಿಗೆ ಅವಧಿ ವಿಸ್ತರಣೆ. ಒಳ್ಳೆಯ ನಿಯಮ. ನೈಸರ್ಗಿಕ ವಿಕೋಪದಿಂದಾದ ಸ್ಥಗಿತಕ್ಕೆ ಮಾತ್ರ ವಿನಾಯಿತಿ. ಒಂದು ಇಡೀ ಜಿಲ್ಲೆ ಇಪ್ಪತ್ನಾಲ್ಕು ಗಂಟೆ ಮೂಕವಾಗುವುದು ಹೆಚ್ಚಾಗಿ ವಿಕೋಪದಲ್ಲೇ, ಅಲ್ಲೇ ಹೊಣೆಗಾರಿಕೆ ಮಾಫಿ. ಟವರು ಗಾಳಿಗೆ ಮುರಿದು ಬಿತ್ತೋ, ಡೀಸೆಲ್ ಇಲ್ಲದೆ ನಿಂತಿತೋ ಎಂದು ಬಿಡಿಸಿ ಕೇಳದಿದ್ದರೆ, ಪ್ರತಿ ಖಾಲಿ ಟ್ಯಾಂಕೂ ದೈವಾಧೀನವೇ.

ಮಲೆನಾಡಿನ ಜನಕ್ಕೆ ಇದನ್ನು ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ಕರೆಂಟು ಹೋಯ್ತು ಅಂದರೆ ಟವರೂ ಹೋಯ್ತು ಎಂಬುದು ಹೊಸನಗರ, ಶೃಂಗೇರಿ, ಮಡಿಕೇರಿ ಕಡೆ ಜೂನ್ ತಿಂಗಳ ಮಾಮೂಲು ಮಾತು. ಅಲ್ಲಿ ಚಂಡಮಾರುತವೇ ಬೇಕಿಲ್ಲ, ಆರಿದ್ರಾ ಮಳೆಯ ಒಂದು ಜೋರು ಗಾಳಿ ಸಾಕು. 2021ರ ಮೇ ತಿಂಗಳಲ್ಲಿ ತೌತೆ ನಮ್ಮ ಕರಾವಳಿಯನ್ನು ಸಮುದ್ರದಲ್ಲೇ ಇದ್ದುಕೊಂಡು ಸವರಿಹೋದದ್ದಷ್ಟೇ. ನೆಲಕ್ಕೆ ಬಂದದ್ದು ದೂರದ ಗುಜರಾತಿನಲ್ಲಿ. 2018ರ ಆಗಸ್ಟಿನ ಕೊಡಗಿನ, 2024ರ ಜುಲೈನ ಶಿರೂರಿನ ಗುಡ್ಡ ಕುಸಿತಗಳು ಚಂಡಮಾರುತದ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಗುಡ್ಡ ಕುಸಿದ ಊರಿಗೆ ಮೊದಲ ಗಂಟೆಯಲ್ಲಿ ಬೇಕಾದದ್ದು ಒಂದು ಫೋನ್ ಕರೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ಬೊಬ್ಬೆ ಹೊಡೆದು ಜನ ಬೆಚ್ಚಿಬಿದ್ದದ್ದು ನೆನಪಿರಬಹುದು. ವಿಪತ್ತಿನ ಮುನ್ಸೂಚನೆ ಸಾರುವ ಸೆಲ್ ಬ್ರಾಡ್‌ಕಾಸ್ಟ್‌ನ ಪರೀಕ್ಷೆ ಅದು. ಟವರು ಆರಿದ ಊರಿನಲ್ಲಿ ಆ ಬೊಬ್ಬೆ ಕೇಳಿಸುವುದಿಲ್ಲ.

ಕಂಪನಿಗಳ ಪರವಾದ ವಾದವನ್ನೂ ತೂಗಬೇಕು. ಪ್ರತಿ ಟವರಿಗೂ ಒಂದು ಇಡೀ ದಿನದ ಬ್ಯಾಟರಿ ಇಡುವುದು ಆಗದ ಮಾತು. ನಗರದ ಮಾಳಿಗೆಗಳು ಭಾರ ತಡೆಯುವುದಿಲ್ಲ ಎಂಬುದು ಸುಳ್ಳಲ್ಲ. ನಮ್ಮಲ್ಲಿ ಟವರಿನ ಬ್ಯಾಟರಿ ಕದಿಯುವುದೇ ಒಂದು ಕಸುಬಾಗಿದೆ. ಬಿದ್ದ ತಂತಿಗಳ ನಡುವೆ ಏಣಿ ಹೊತ್ತು ಓಡಾಡುವ ತಂತ್ರಜ್ಞರ ದುಡಿಮೆಯನ್ನು ಹಗುರ ಮಾಡುವ ಮನಸ್ಸು ಯಾರಿಗೂ ಇರಬಾರದು. ಬಹುತೇಕ ಅವರೂ ಗುತ್ತಿಗೆಯವರೇ. ಆದರೆ ಎಲ್ಲ ಟವರುಗಳಿಗೂ ಯಾರು ಕೇಳಿದರು? 2011ರ ಸುನಾಮಿಯ ನಂತರ ಜಪಾನಿನ ಎನ್‌ಟಿಟಿ ಡೊಕೊಮೊ ದೇಶದಾದ್ಯಂತ ಸುಮಾರು 100 ಕಡೆ ವಿಶೇಷ ಕೇಂದ್ರಗಳನ್ನು ಕಟ್ಟಿತು. ಮಾಮೂಲು ದಿನಗಳಲ್ಲಿ ಅವು ಸುಮ್ಮನಿರುತ್ತವೆ. ಸುತ್ತಲಿನ ಟವರುಗಳು ಆರಿದಾಗ ಒಂದೊಂದೂ 7 ಕಿಲೋಮೀಟರ್ ಫಾಸಲೆಗೆ ಸಂಕೇತ ಕೊಡಬಲ್ಲದು. ಜೊತೆಗೆ ಸರ್ಕಾರಿ ಕಚೇರಿಗಳಿರುವ ಜಾಗ ಆರಿಸಿ, ಆ ಟವರುಗಳಿಗಷ್ಟೇ 24 ಗಂಟೆಯ ಬ್ಯಾಟರಿ ಅಥವಾ ಜನರೇಟರ್ ಕೊಟ್ಟರು. ಖರ್ಚು ಎಲ್ಲಿ ಸಲ್ಲಬೇಕೋ ಅಲ್ಲಿ ಸಂದಿತು.

ಇಲ್ಲೂ ಅಷ್ಟೇ ಸಾಕು. ಪ್ರತಿ ತಾಲೂಕಿನಲ್ಲಿ ತಾಲೂಕು ಕಚೇರಿ, ಸರ್ಕಾರಿ ಆಸ್ಪತ್ರೆ, ಪೊಲೀಸ್ ಠಾಣೆಗಳನ್ನು ಮುಟ್ಟುವ ಒಂದು ಟವರಿಗೆ, ಅದಕ್ಕೆ ದಾರಿಯಾಗಿರುವ ಗುಡ್ಡದ ಟವರಿಗೆ 24 ಗಂಟೆಯ ಬಲ ಕೊಡಲಿ. ಮಳೆಗಾಲದ ಮೊದಲು ಜಿಲ್ಲಾಧಿಕಾರಿ ಕರೆಯುವ ವಿಪತ್ತು ಸಭೆಯಲ್ಲಿ ಮೆಸ್ಕಾಂ, ಹೆಸ್ಕಾಂ, ಸೆಸ್ಕ್‌ನವರ ಪಕ್ಕದಲ್ಲಿ ಟವರು ಕಂಪನಿಯವರನ್ನೂ ಕೂರಿಸಿ, ಯಾವ ಟವರಿಗೆ ಎಷ್ಟು ಲೀಟರ್ ಡೀಸೆಲ್ ಎಂದು ಬರೆಸಿಕೊಳ್ಳಲಿ. ವಿಕೋಪದ ವಿನಾಯಿತಿಯನ್ನು ಟ್ರಾಯ್ ಮುರಿದುಬಿದ್ದ ಟವರುಗಳಿಗಷ್ಟೇ ಮಿತಿಗೊಳಿಸಲಿ. ಎಲ್ಲಕ್ಕಿಂತ ಮೊದಲು, ಕರೆಂಟು ಹೋದ ಮೇಲೆ ಯಾವ ಕಂಪನಿಯ ಜಾಲ ಯಾವ ತಾಲೂಕಿನಲ್ಲಿ ಎಷ್ಟು ಗಂಟೆ ನಡೆಯಿತು ಎಂಬ ಪಟ್ಟಿಯನ್ನು ದೂರಸಂಪರ್ಕ ಇಲಾಖೆ ಪ್ರತಿ ಮಳೆಗಾಲದ ಕೊನೆಗೆ ಕಂಪನಿಯ ಹೆಸರು ಸಮೇತ ಪ್ರಕಟಿಸಲಿ. ಅಮೆರಿಕದ ಕಂಪನಿಗಳು ಯಾವುದಕ್ಕೆ ಹೆದರಿದವೋ, ನಮ್ಮ ಕಂಪನಿಗಳೂ ಅದಕ್ಕೇ ಹೆದರುತ್ತವೆ.