ಚೌಕ ಬರೆಯದೆ ಕ್ರಾಸ್ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳಲ್ಲಿ ಒಂದೇ ಮರದ ಕಾಯಿಯಿಂದ ಎದ್ದ ಸಸಿಗಳೂ ಒಂದೇ ಥರ ಬೆಳೆಯುವುದಿಲ್ಲ. ತಿಪಟೂರು ಟಾಲ್‌ನಂಥ ಎತ್ತರದ ತಳಿಯ ಹೊಂಬಾಳೆಯಲ್ಲಿ ಗಂಡು ಹೂ ಉದುರಿದ ಮೇಲೆ ಹೆಣ್ಣು ಹೂ ಅಣಿಯಾಗುತ್ತದೆ. ಹಾಗಾಗಿ ಪರಾಗ ಸಾಮಾನ್ಯವಾಗಿ ಬೇರೆ ಮರದ್ದು. ಅಮ್ಮ ಯಾರೆಂದು ಗೊತ್ತು, ಅಪ್ಪ ಯಾರೋ. ಗಿಡ್ಡ ತಳಿಗಳು ಹಾಗಲ್ಲ, ಬಹುಪಾಲು ತಮ್ಮ ಪರಾಗಕ್ಕೇ ಕಾಯಿ ಕಟ್ಟುತ್ತವೆ.

ಎತ್ತರ–ಗಿಡ್ಡ ಕೂಡಿಸಿ 1932ರಲ್ಲಿ ನೀಲೇಶ್ವರದಲ್ಲಿ ಹೈಬ್ರಿಡ್ ತೆಂಗು ಮಾಡಿದವರು ಜೆ.ಎಸ್. ಪಟೇಲ್. ಇಂದು ಚಾವಕ್ಕಾಡ್ ಕಿತ್ತಳೆ ಗಿಡ್ಡ ತಳಿಗೆ ಎತ್ತರದ ತಳಿಯ ಪರಾಗ ಹಾಕಿ ಸಸಿ ಎಬ್ಬಿಸುವವರು ಗರಿಯ ದಂಟು ನೋಡುತ್ತಾರೆ. ಕಿತ್ತಳೆಯಾಗಿದ್ದರೆ ಅಮ್ಮನ ಸ್ವಂತ ಪರಾಗದ್ದು, ಕಿತ್ತು ಬಿಸಾಡಿ. ಹಸಿರುಗಂದಾಗಿದ್ದರೆ ಹೈಬ್ರಿಡ್. ಅಮ್ಮನಲ್ಲಿಲ್ಲದ ಬಣ್ಣ ಅಪ್ಪನಿಂದಲ್ಲದೆ ಇನ್ನೆಲ್ಲಿಂದ ಬಂದೀತು? ಟೆಸ್ಟ್ ಕ್ರಾಸ್‌ನ ಜಾಣತನವೂ ಇಷ್ಟೇ. ಒಬ್ಬರು ದುರ್ಬಲ ಗುಣದವರಾದರೆ ಇನ್ನೊಬ್ಬರ ಗುಟ್ಟು ಮಕ್ಕಳ ಮೈಮೇಲೆ ಕಾಣುತ್ತದೆ.

ಪಿಯುಸಿ ಮಕ್ಕಳೇ, ಲೆಕ್ಕದಲ್ಲಿ ಮೊದಲು ದುರ್ಬಲ ಗುಣದ ಮಗುವನ್ನು ಹುಡುಕಿ. ಆ ಜೀನ್ ಇಬ್ಬರಿಂದಲೂ ಬಂದಿರಲೇಬೇಕು, ಅಲ್ಲಿಗೆ ಅರ್ಧ ಲೆಕ್ಕ ಮುಗಿಯಿತು. 3:1 ಬಂದರೆ ಇಬ್ಬರೂ ಮಿಶ್ರ. 1:1 ಬಂದರೆ ಒಬ್ಬರು ಮಿಶ್ರ, ಒಬ್ಬರು ದುರ್ಬಲ. 9:7, 15:1, 12:3:1 ಕಂಡು ಬೆಚ್ಚಬೇಡಿ, ಕೂಡಿದರೆ ಎಲ್ಲವೂ 16, ಎರಡು ಜೀನ್‌ಗಳ ಆಟ.

ಅನುಪಾತ ಅಚ್ಚುಕಟ್ಟಾಗಿ ಬರಲೆಂದು ಕಾಯುವುದೂ ಬೇಡ. ಮೆಂಡಲ್ ಎಣಿಸಿದ್ದು 5,474 ದುಂಡು ಬೀಜ, 1,850 ಸುಕ್ಕು ಬೀಜ, ಅಂದರೆ 2.96ಕ್ಕೆ 1. ಅದರಲ್ಲಿ 3:1 ಕಂಡವನೇ ರಸಿಕ.

ಗುಣ ಮೂರಾದರೆ ಚೌಕಕ್ಕೆ 64 ಮನೆ. ಅಷ್ಟು ಗೆರೆ ಎಳೆಯುವುದು ನನ್ನ ಪ್ರಕಾರ ಶಿಕ್ಷೆ. ಒಂದೊಂದೇ ಗುಣ ಬಿಡಿಸಿ, ಕೊನೆಗೆ ಗುಣಿಸಿ. ಮೂರರಲ್ಲೂ ಮಿಶ್ರವಾದ ಬಟಾಣಿ ಗಿಡಗಳಿಂದ ಎತ್ತರದ (3/4), ಸುಕ್ಕು (1/4), ಹಸಿರು (1/4) ಬೀಜದ ಸಸಿ ಬೇಕೇ? 3/64. ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಕೂತ ಜೀನ್‌ಗಳಿಗೆ ಮಾತ್ರ ಈ ಗುಣಾಕಾರ ನಡೆಯದು.

ಈಗ ನೀವು. ಒಂದು ಗಿಡ ಎತ್ತರದಲ್ಲೂ ಬೀಜದ ಆಕಾರದಲ್ಲೂ ಮಿಶ್ರ, ಇನ್ನೊಂದು ಗಿಡ್ಡ, ಆದರೆ ಆಕಾರದಲ್ಲಿ ಮಿಶ್ರ. ಗಿಡ್ಡವೂ ಸುಕ್ಕು ಬೀಜದ್ದೂ ಆದ ಸಸಿ ಎಷ್ಟು ಪಾಲು? ಪೆನ್ಸಿಲ್ ಕೆಳಗಿಟ್ಟು 1/8 ಎಂದಿರಾದರೆ, ಮುಂದಿನ ಲೆಕ್ಕಕ್ಕೆ ಹೋಗಿ.